ಜೋಗ ನೋಡದೆ ಹೋದವರು

ಸಾಗರದವರೆಗೆ ಬಂದು ಜೋಗ ನೋಡದೆ ಹಿಂದಿರುಗಿದವರನ್ನು ನಮ್ಮ ಕಡೆಯವರು ಅಷ್ಟು ಸುಲಭಕ್ಕೆ ಕ್ಷಮಿಸುವುದಿಲ್ಲ. 1927ರ ಆಗಸ್ಟಿನಲ್ಲಿ ಗಾಂಧೀಜಿ ಮಾಡಿದ್ದು ಅದನ್ನೇ. ಆಗ ಲಿಂಗನಮಕ್ಕಿ ಅಣೆಕಟ್ಟು ಇರಲಿಲ್ಲ. ಮಳೆಗಾಲದ ಶರಾವತಿ ತಡೆಯಿಲ್ಲದೆ ಹರಿದು ಬಂದು ಇಡಿಯಾಗಿ ಕೆಳಗೆ ಬೀಳುತ್ತಿದ್ದ ದಿನಗಳು ಅವು. ಜೊತೆಗಿದ್ದ ಆಶ್ರಮದ ಒಡನಾಡಿ ಕಾಕಾ ಕಾಲೇಲ್ಕರ್ ಹೋಗಿ ಬರೋಣವೆಂದು ದುಂಬಾಲು ಬಿದ್ದರು. ವೈಸರಾಯ್ ಕರ್ಜನ್ ಇದನ್ನು ನೋಡಲೆಂದೇ ಬಂದಿದ್ದರೆಂದು ಹೇಳಿದರು, ಎಷ್ಟು ಅಡಿ ಎತ್ತರವೆಂದು ವರ್ಣಿಸಿದರು. ಗಾಂಧೀಜಿ ತಿರುಗಿ ಕೇಳಿದ್ದು, ಮಳೆಯ ನೀರು ಆಕಾಶದಿಂದ ಎಷ್ಟು ಎತ್ತರದಿಂದ ಬೀಳುತ್ತದೆ ಎಂದು. ನೀವು ಹೋಗಿ ಬನ್ನಿ, ಮಕ್ಕಳಿಗೆ ಭೂಗೋಳ ಕಲಿಸುವಾಗ ಉಪಯೋಗಕ್ಕೆ ಬರುತ್ತದೆ ಎಂದೂ ಹೇಳಿದರಂತೆ. ಕಾರ್ಯದರ್ಶಿ ಮಹದೇವ ದೇಸಾಯಿಯವರನ್ನಾದರೂ ಕಳುಹಿಸಿಕೊಡಿ ಎಂದರೆ, ಅವನು ಬರುವುದಿಲ್ಲ, ಅವನ ಪಾಲಿನ ಗೇರುಸೊಪ್ಪೆ ನಾನೇ ಎಂದುಬಿಟ್ಟರು. ಗೇರುಸೊಪ್ಪೆ ಎಂದರೆ ಆಗ ಜೋಗಕ್ಕಿದ್ದ ಇನ್ನೊಂದು ಹೆಸರು.

ಕಾಲೇಲ್ಕರರೇ ಹೇಳಿಕೊಂಡಿರುವ ಈ ಪ್ರಸಂಗ ಓದಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಗಾಂಧೀಜಿಗಾಗಿ ನೆಪ ಹುಡುಕಬಹುದು. ಆ ವರ್ಷದ ಮಾರ್ಚ್‌ನಲ್ಲಿ ಅವರು ಹಾಸಿಗೆ ಹಿಡಿದಿದ್ದರು, ನಂದಿ ಬೆಟ್ಟದಲ್ಲೂ ಬೆಂಗಳೂರಿನಲ್ಲೂ ತಿಂಗಳುಗಟ್ಟಲೆ ವಿಶ್ರಾಂತಿ ಪಡೆದಿದ್ದರು. ಆದರೆ ಆ ನೆಪವನ್ನು ಅವರು ಹೇಳಲಿಲ್ಲವಲ್ಲ! ಬೇಡವೆಂದರೆ ಬೇಡ, ಅಷ್ಟೆ. ಜಲಪಾತಕ್ಕೆ ಬೇಡವೆಂದ ಹಟಕ್ಕೂ ಹೊಡೆದವನಿಗೆ ತಿರುಗಿ ಹೊಡೆಯಲಾರೆ ಎಂದ ಹಟಕ್ಕೂ ಬೇರು ಒಂದೇ ಇರಬಹುದೇ? ಶ್ರಾವಣದಲ್ಲಿ ಕೆಲಸಕ್ಕೆ ರಜೆ ಸಿಕ್ಕಾಗ ಈ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡು ಶಿವಮೊಗ್ಗದಿಂದ ಹೊರಟೆ. ಮೇಷ್ಟರಾಗಿ ನಿವೃತ್ತರಾದ ನನ್ನ ಸೋದರಮಾವ ಜೊತೆಗೆ ಬಂದರು. ಅವರಿಗೆ ಗಾಂಧಿಯ ಬಗ್ಗೆ ಗೌರವವಿದೆ, ಅದಕ್ಕಿಂತ ಹೆಚ್ಚು ತಕರಾರಿದೆ.

ಜೋಗಕ್ಕೆ ನೇರ ದಾರಿ ಬಿಟ್ಟು ಮೊದಲು ಶಿಕಾರಿಪುರದ ಬಸ್ ಹತ್ತಿಸಿದ್ದೂ ಅವರೇ. ‘ಗಾಂಧಿಯ ವಿಷಯ ಮಾತಾಡಬೇಕೆಂದರೆ ಮೊದಲು ಈಸೂರು ನೋಡು ಮಾರಾಯ. ಆಮೇಲೆ ನಿನ್ನ ಜೋಗ’ ಎಂದರು.

ಶಿಕಾರಿಪುರದ ಕಡೆ ಕಾಡು ತೆಳುವಾಗುತ್ತದೆ. ಅರೆಮಲೆನಾಡು ಎನ್ನುವುದು ಇದನ್ನೇ. ಅಡಿಕೆ ತೋಟದ ಬದಲು ಆಳೆತ್ತರದ ಮೆಕ್ಕೆಜೋಳ, ನಡುನಡುವೆ ಕೆರೆ, ಗದ್ದೆ. ಈಸೂರು ನೋಡಲು ಎಲ್ಲ ಊರುಗಳ ಹಾಗೆಯೇ ಇದೆ. ಹುತಾತ್ಮರ ಸ್ಮಾರಕದ ಬಳಿ ನಾವು ನಿಂತಾಗ ಸೋನೆ ಹಿಡಿದಿತ್ತು. ಗೊಬ್ಬರದ ಚೀಲವನ್ನು ಕೊಪ್ಪೆಯಂತೆ ತಲೆಗೆ ಹಾಕಿಕೊಂಡ ಒಬ್ಬರು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು. ನಮ್ಮನ್ನು ನೋಡಿ, ‘ಪೇಪರಿನವರಾ? ಆಗಸ್ಟ್ ಹದಿನೈದು ಮೊನ್ನೆಯೇ ಆಯಿತಲ್ಲ’ ಎಂದರು. ವರ್ಷಕ್ಕೊಮ್ಮೆ ಬರುವವರನ್ನು ಕಂಡು ಅವರಿಗೆ ಸಾಕಾಗಿರಬೇಕು.

ಇಲ್ಲಿ ನಡೆದದ್ದು ಇದು. 1942ರ ಆಗಸ್ಟ್ 9ರಂದು, ಕ್ವಿಟ್ ಇಂಡಿಯಾ ಕರೆ ಕೊಟ್ಟ ಗಾಂಧೀಜಿಯನ್ನು ಹಿಡಿದು ಪುಣೆಯ ಆಗಾಖಾನ್ ಅರಮನೆಯಲ್ಲಿ ಇಟ್ಟರು. ಅದಾಗಿ ಆರು ದಿನಕ್ಕೆ, ಆಗಸ್ಟ್ 15ರಂದು, ಅದೇ ಸೆರೆಯಲ್ಲಿ ಮಹದೇವ ದೇಸಾಯಿ ತೀರಿಕೊಂಡರು. ಇತ್ತ ಈಸೂರಿನವರು ಸೆಪ್ಟೆಂಬರ್ ಹೊತ್ತಿಗೆ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಕಂದಾಯ ಕೇಳಲು ಬಂದವರ ಲೆಕ್ಕದ ಪುಸ್ತಕ ಕಸಿದುಕೊಂಡರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಏರಿಸಿದರು. ಊರಿಗೊಬ್ಬ ಅಮಲ್ದಾರ (ಈಗಿನ ತಹಶೀಲ್ದಾರ), ಒಬ್ಬ ಸಬ್‌ಇನ್ಸ್‌ಪೆಕ್ಟರ್ ಎಂದು ಇಬ್ಬರು ಹುಡುಗರನ್ನೇ ನೇಮಿಸಿದರು! ಕೋಪದ ಜೊತೆ ಇಷ್ಟು ತಮಾಷೆ ಬೆರೆಸಿದ ಬಂಡಾಯ ನನಗೆ ಬೇರೆಲ್ಲೂ ಕಂಡಿಲ್ಲ. ಊರೊಳಗೆ ಬರುವ ಅಧಿಕಾರಿ ಯಾರೇ ಆಗಲಿ, ಖಾದಿ ಟೋಪಿ ಹಾಕಿಕೊಂಡೇ ಬರಬೇಕು ಎಂಬುದು ಅವರ ಕಾನೂನು.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರೂ ಪೊಲೀಸರೊಂದಿಗೆ ಬಂದರು. ಟೋಪಿಯ ಮಾತು ಜಗಳವಾಯಿತು, ಜಗಳ ಕೈಮೀರಿತು. ಆ ಇಬ್ಬರೂ ಅಧಿಕಾರಿಗಳು ಜನರ ಕೈಯಲ್ಲಿ ಸತ್ತರು. ಆಮೇಲೆ ಸೈನ್ಯ ಬಂತು, ಊರು ಖಾಲಿಯಾಯಿತು, ಜನ ಕಾಡು ಹೊಕ್ಕರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು. ಗಲ್ಲಿಗೇರಿಸಿದ್ದು ಮೈಸೂರು ಸಂಸ್ಥಾನ. ಇದು ನೇರವಾಗಿ ಬ್ರಿಟಿಷರ ಸೀಮೆಯಲ್ಲ. ಪರರ ಆಳ್ವಿಕೆ ಎಂದರೆ ಬಿಳಿಯ ಕಲೆಕ್ಟರನೇ ಕುದುರೆ ಏರಿ ಬರಬೇಕೆಂದಿಲ್ಲ, ನಮ್ಮವರ ಸಹಿಯಿಂದಲೂ ಅದು ನಡೆಯುತ್ತದೆ.

‘ಏಸೂರು ಕೊಟ್ಟರೂ ಈಸೂರು ಕೊಡೆವು ಎಂದವರು ಇವರು. ಗಾಂಧಿ ಟೋಪಿ ತೊಟ್ಟೇ ಹೊಡೆದರು. ಈಗ ಹೇಳು, ಇವರು ಗಾಂಧಿಯ ಕಡೆಯವರೋ ಅಲ್ಲವೋ?’ ಮಾವ ಪರೀಕ್ಷೆಯಲ್ಲಿ ಕೇಳಿದ ಹಾಗೆ ಕೇಳಿದರು.

ಉತ್ತರ ಸಲೀಸಾಗಿಲ್ಲ. 1922ರಲ್ಲಿ ಚೌರಿಚೌರಾದಲ್ಲಿ ಪೊಲೀಸರನ್ನು ಸುಟ್ಟು ಕೊಂದಾಗ ಇಡೀ ದೇಶದ ಚಳವಳಿಯನ್ನೇ ನಿಲ್ಲಿಸಿದ ಮನುಷ್ಯ ಗಾಂಧಿ. 1942ರ ಹಿಂಸೆಗೆ ಮಾತ್ರ, ಜನರನ್ನು ರೇಗಿಸಿ ಹುಚ್ಚೆಬ್ಬಿಸಿದ್ದು ಸರ್ಕಾರವೇ ಎಂದು ವೈಸರಾಯ್‌ಗೆ ಸೆರೆಯಿಂದಲೇ ಪತ್ರ ಬರೆದರು. ಹಾಗೆಂದು ಹಿಂಸೆಯನ್ನು ಸರಿಯೆಂದೂ ಹೇಳಲಿಲ್ಲ. ಆ ಜಗ್ಗಾಟದ ನಡುವೆಯೇ 1943ರ ಫೆಬ್ರುವರಿ 10ರಿಂದ 21 ದಿನ ಉಪವಾಸ ಕುಳಿತರು. ಉಪವಾಸ ಮುಗಿದದ್ದು ಮಾರ್ಚ್ ಮೊದಲ ವಾರದಲ್ಲಿ. ಈಸೂರಿನವರ ಕುಣಿಕೆ ಬಿಗಿದದ್ದು ಅದರ ಮರುವಾರ.

ಆನಂದಪುರದ ಮೇಲೆ ಸಾಗರಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಿಟಕಿಯ ಪರದೆಯಿಂದ ನೀರು ಸೋರುತ್ತಿತ್ತು. ಮಾವ ಬಿಡಿಸಿದ ಕೊಡೆಯನ್ನು ಬಸ್ಸಿನೊಳಗೇ ಅಡ್ಡ ಹಿಡಿದು ಕುಳಿತರು. ಆ ಕೊಡೆ ನೋಡಿ ನನಗೆ ಡರ್ಬನ್ ನೆನಪಾಯಿತು, ಹೇಳಲು ಶುರುಮಾಡಿದೆ.

1897ರ ಜನವರಿ 13. ಗಾಂಧಿಗೆ ಇನ್ನೂ 27 ವರ್ಷ. ಭಾರತಕ್ಕೆ ಬಂದು ದಕ್ಷಿಣ ಆಫ್ರಿಕಾದ ಭಾರತೀಯರ ಪಾಡನ್ನು ಹೇಳಿ ತಿರುಗಿ ಹೋಗಿದ್ದರು. ಬಿಳಿಯರು ಕೆರಳಿದ್ದರು, ಹಡಗನ್ನು ದಿನಗಟ್ಟಲೆ ಬಂದರಿನ ಹೊರಗೇ ನಿಲ್ಲಿಸಿದ್ದರು. ಕೊನೆಗೆ ಇಳಿದು ನಡೆದು ಹೊರಟಾಗ ಗುಂಪು ಮುತ್ತಿತು. ಕಲ್ಲು, ಕೊಳೆತ ಮೊಟ್ಟೆ ತೂರಿದರು, ಪೇಟ ಕಿತ್ತೆಸೆದರು, ಒದ್ದರು. ಅವರು ಒಂದು ಮನೆಯ ಕಂಬಿ ಹಿಡಿದು ಉಸಿರು ಎಳೆದುಕೊಳ್ಳುತ್ತಿದ್ದಾಗ ಆ ದಾರಿಯಲ್ಲಿ ಬಂದವರು ಪೊಲೀಸ್ ಸೂಪರಿಂಟೆಂಡೆಂಟ್ ಅಲೆಗ್ಸಾಂಡರರ ಹೆಂಡತಿ. ಆಕೆ ತನ್ನ ಕೊಡೆ ಬಿಡಿಸಿ ಗುಂಪಿಗೂ ಗಾಂಧಿಗೂ ನಡುವೆ ನಿಂತರು. ಬಿಳಿಯ ಹೆಂಗಸಿಗೆ ತಗಲದಂತೆ ಕರಿಯನಿಗೆ ಹೊಡೆಯುವುದು ಆ ವೀರರಿಗೆ ಸಾಧ್ಯವಾಗಲಿಲ್ಲ. ರಾತ್ರಿ ಅವರನ್ನು ಪೊಲೀಸ್ ಪೇದೆಯ ವೇಷ ಹಾಕಿಸಿ ಪಾರುಮಾಡಬೇಕಾಯಿತು.

ಮುಖ್ಯವಾದದ್ದು ಆಮೇಲಿನದು. ಹೊಡೆದವರ ಮೇಲೆ ಮೊಕದ್ದಮೆ ಹೂಡಿ ಎಂದು ಲಂಡನ್ನಿನಿಂದ ವಸಾಹತು ಮಂತ್ರಿ ಚೇಂಬರ್ಲೇನ್ ತಂತಿ ಕಳುಹಿಸಿದ. ಗಾಂಧಿ ಒಲ್ಲೆನೆಂದರು. ಹೊಡೆದವರಿಗೆ ಸುಳ್ಳು ಹೇಳಿ ಕೆರಳಿಸಿದವರು ಮೇಲಿದ್ದಾರೆ, ಬೀದಿಯ ಹುಡುಗರನ್ನು ಹಿಡಿದು ಏನು ಪ್ರಯೋಜನ ಎಂಬುದು ಅವರ ವಾದ. 1908ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಮೀರ್ ಆಲಂ ಎಂಬ ಪಠಾಣ, ಒಂದು ಕಾಲದ ಅವರದೇ ಕಕ್ಷಿದಾರ, ತಲೆಗೆ ಹೊಡೆದು ಬೀಳಿಸಿದಾಗಲೂ ಎಚ್ಚರ ಬಂದೊಡನೆ ಕೇಳಿದ್ದು ಅವನನ್ನು ಬಿಡಿಸಿ ಎಂದೇ.

‘ಅದು ಒಬ್ಬನ ಗುಣವಾಯಿತು. ಊರಿಗೆ ಊರೇ ಹಾಗಿರಲು ಆಗುತ್ತದೆಯೇ?’ ಎಂದರು ಮಾವ, ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸುತ್ತ.

ಅದನ್ನು ಹುಟ್ಟುಗುಣ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1893ರಲ್ಲಿ ಪೀಟರ್‌ಮರಿಟ್ಸ್‌ಬರ್ಗಿನಲ್ಲಿ ರೈಲಿನಿಂದ ತಳ್ಳಿಸಿಕೊಂಡು ಚಳಿಯಲ್ಲಿ ನಡುಗುತ್ತ ಕುಳಿತ ವಕೀಲ ಸಂತನೇನೂ ಆಗಿರಲಿಲ್ಲ. ಆಫ್ರಿಕಾದ ಕಪ್ಪು ಜನರ ಬಗ್ಗೆ ಅವರು ಆ ವರ್ಷಗಳಲ್ಲಿ ಬರೆದ ಕೆಲವು ಮಾತುಗಳನ್ನು ಇಂದು ಓದಿದರೆ ತಲೆ ತಗ್ಗಿಸಬೇಕಾಗುತ್ತದೆ. ತನಗಾದ ಅವಮಾನ ಕಂಡ ಕಣ್ಣಿಗೆ ಪಕ್ಕದವನಿಗಾದದ್ದು ಕಾಣಲು ಕಾಲ ಬೇಕಾಯಿತು. ಬೇಡ ಎನ್ನುವುದನ್ನು ಅವರು ಊಟದಲ್ಲಿ, ಬಟ್ಟೆಯಲ್ಲಿ, ಕೋಪದಲ್ಲಿ ದಿನವೂ ಅಭ್ಯಾಸ ಮಾಡಿದರು. ಜೋಗಕ್ಕೆ ಬಂದ ‘ಬೇಡ’ ಆ ಅಭ್ಯಾಸದ ಅತಿರೇಕ ಇರಬಹುದು. ನನ್ನ ಮಟ್ಟಿಗೆ ಅದು ಅತಿರೇಕವೇ.

ಸಾಗರದಲ್ಲಿ ಊಟಕ್ಕೆ ಇಳಿದಾಗ ಮಾವ ಅದೇ ತಾಲ್ಲೂಕಿನ ಕಾಗೋಡು ಎಂಬ ಊರಿನ ಮಾತು ತೆಗೆದರು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಅಳತೆಯ ಕೊಳಗದ ಅನ್ಯಾಯಕ್ಕೂ ಒಡೆಯರ ದರ್ಪಕ್ಕೂ ತಿರುಗಿಬಿದ್ದು, ಕೈಯೆತ್ತದೆ, ತಂಡ ತಂಡವಾಗಿ ಗದ್ದೆಗಿಳಿದು ಬಂಧನಕ್ಕೆ ಒಳಗಾದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಸೆರೆಯಾದರು. ಆಗ ಆಳುತ್ತಿದ್ದದ್ದು ಗಾಂಧಿಯ ಹೆಸರು ಹೇಳುವ ಪಕ್ಷವೇ. ಅದನ್ನು ಹೇಳಿ ಮಾವ ಖುಷಿಯಿಂದ ಎರಡನೇ ಸಲ ತಂಬುಳಿ ಹಾಕಿಸಿಕೊಂಡರು.

ಜೋಗದಲ್ಲಿ ಮೊದಲ ಅರ್ಧ ಗಂಟೆ ಬರೀ ಬಿಳುಪು. ಕಟಾಂಜನ ಹಿಡಿದು ನಿಂತ ನೂರಾರು ಜನ ಮಂಜಿಗೆ ಮೊಬೈಲ್ ಹಿಡಿದು ಕಾಯುತ್ತಿದ್ದರು. ಸದ್ದು ಮಾತ್ರ ಇತ್ತು. ಕಿವಿಗಿಂತ ಎದೆಗೆ ಕೇಳುವ ಸದ್ದು. ಗಾಳಿ ತಿರುಗಿತು, ಮಂಜು ಬಲಕ್ಕೆ ಜಾರಿತು. ಮೊದಲು ರಾಕೆಟ್ಟಿನ ಚಿಮ್ಮುವ ನೆತ್ತಿ, ಆಮೇಲೆ ರಾಣಿಯ ಇಳಿಜಾರು, ರೋರರ್ ಬಂಡೆಯ ಸಂದಿನಿಂದ ನುಗ್ಗುವುದು, ಕೊನೆಗೆ 830 ಅಡಿ ಎಲ್ಲೂ ತಾಗದೆ ಬೀಳುವ ರಾಜ. ಒಂದು ನಿಮಿಷವೂ ಇರಲಿಲ್ಲ, ಮತ್ತೆ ಮುಚ್ಚಿತು. ಜನರೆಲ್ಲ ಒಟ್ಟಿಗೆ ‘ಹೋ’ ಎಂದು ಕೂಗಿದರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅಪ್ಪನಿಗೆ, ‘ಇನ್ನೊಂದು ಸಲ ಹಾಕಲು ಹೇಳು’ ಎಂದಳು. ಇದನ್ನು ಬೇಡವೆನ್ನುವುದರಲ್ಲಿ ಯಾವ ದೊಡ್ಡಸ್ತಿಕೆಯೂ ನನಗೆ ಕಾಣಲಿಲ್ಲ.

ಆದರೆ ಚರಿತ್ರೆಗೆ ತನ್ನದೇ ಕುಚೋದ್ಯವಿದೆ. ಈ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸವನ್ನು ಮೈಸೂರು ಸಂಸ್ಥಾನ 1939ರಲ್ಲಿ ಕೃಷ್ಣರಾಜೇಂದ್ರ ಒಡೆಯರ ಹೆಸರಿನಲ್ಲಿ ಆರಂಭಿಸಿತು. ವಿದ್ಯುತ್ ಹರಿದದ್ದು 1948ರ ಫೆಬ್ರುವರಿಯಲ್ಲಿ, ಗಾಂಧಿಯ ಹತ್ಯೆಯಾದ ಮರುತಿಂಗಳೇ. ಮರುವರ್ಷ ಅದಕ್ಕೆ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಎಂದು ಹೆಸರಿಟ್ಟರು. ಜೋಗಕ್ಕೆ ಕಾಲಿಡದ ಮನುಷ್ಯನ ಹೆಸರು ಜೋಗದ ಬುಡದಲ್ಲೇ ಕುಳಿತಿದೆ. ಯಂತ್ರಗಳ ಬಗ್ಗೆ ಅವರು ಏನೆನ್ನುತ್ತಿದ್ದರೆಂಬುದು ಗೊತ್ತಿರುವವರಿಗೆ ಇನ್ನಷ್ಟು ನಗು ಬಂದೀತು.

ಆಗ ಶರಾವತಿಯ ಈ ದಡ ಮೈಸೂರು ಅರಸರದು, ಆಚೆ ದಡ ಬ್ರಿಟಿಷರ ಮುಂಬಯಿ ಪ್ರಾಂತ್ಯ. ಸೇತುವೆ ದಾಟಿ ಸಿದ್ದಾಪುರದ ದಿಕ್ಕಿಗೆ ಸ್ವಲ್ಪ ದೂರ ಹೋದರೆ ಮಾವಿನಗುಂಡಿ ಸಿಗುತ್ತದೆ. ಹೊನ್ನಾವರಕ್ಕೆ ಹೋಗುವ ಗಾಡಿಗಳು ಚಹಾಕ್ಕೆ ನಿಲ್ಲುವ ಕೂಡುರಸ್ತೆ. ಅಲ್ಲಿ ಹೆಂಗಸರ ಉಪವಾಸದ ನೆನಪಿಗೆ ಒಂದು ಸ್ಮಾರಕವಿದೆ. ಜೋಗದ ಸಂತೆಯಿಂದ ಬಂದವರು ಯಾರೂ ಅದರ ಕಡೆ ತಲೆ ಹೊರಳಿಸುತ್ತಿರಲಿಲ್ಲ.

ಮೂವತ್ತರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಸರ್ಕಾರಕ್ಕೆ ಕರ ಕೊಡುವುದಿಲ್ಲವೆಂದರು. ಸರ್ಕಾರ ಜಮೀನು, ಮನೆ ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರೂ ನೆರೆಹೊರೆಯ ನಮ್ಮವರೇ. ಗಂಡಸರು ಬಹುಮಂದಿ ಜೈಲಿನಲ್ಲಿದ್ದಾಗ, 1932ರಲ್ಲಿ, ಹೆಂಗಸರು ಅಂಥವರ ಮನೆಯೆದುರು ಬಂದು ಉಪವಾಸ ಕುಳಿತರು. ಬೈಗುಳವಿಲ್ಲ, ಕಲ್ಲಿಲ್ಲ. 1934ರಲ್ಲಿ ಈ ಸೀಮೆಗೆ ಬಂದ ಗಾಂಧೀಜಿ, ಅಸ್ಪೃಶ್ಯತೆಯ ವಿರುದ್ಧದ ಪ್ರವಾಸದ ನಡುವೆ, ಹೊಲ ಮನೆ ಕಳೆದುಕೊಂಡವರನ್ನು ಕಂಡು ಹೋದರು. ಮುಂದೆ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ, 1938ರಲ್ಲಿ, ಜಪ್ತಾದ ಜಮೀನು ಮರಳಿಸುವ ಕಾನೂನು ಮುಂಬಯಿಯಲ್ಲಿ ಆಯಿತು.

ಮಾವ ಸ್ಮಾರಕದ ಮುಂದೆ ಈಸೂರಿನಲ್ಲಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಚಹಾದಂಗಡಿಯ ಬೆಂಚಿಗೆ ಬಂದು ಕುಳಿತ ಮೇಲೆ ಹೇಳಿದರು: ‘ಜಗಲಿಯ ಕೆಳಗೆ ನೆಂಟರಂಥ ಹೆಂಗಸರು ನೀರು ಮುಟ್ಟದೆ ಕುಳಿತಿರುವಾಗ ಒಳಗೆ ಬಾಳೆ ಹಾಕಿ ಊಟಕ್ಕೆ ಕುಳಿತುಕೊಳ್ಳುವುದು ಹೇಗೆ ಮಾರಾಯ? ಬಾಯಿಗೆ ತುತ್ತು ಇಳಿಯುತ್ತದೆಯೇ?’

‘ಅದು ಮನುಷ್ಯರ ಮಾತಾಯಿತು ಮಾವ. ಸರ್ಕಾರಕ್ಕೆ ಅಂಥ ನಾಚಿಕೆ ಇರುತ್ತದೆಯೇ?’

‘ಇರುವುದಿಲ್ಲ. ಅದಕ್ಕೇ ಅವರು ಕಚೇರಿಯ ಮುಂದೆ ಕುಳಿತುಕೊಳ್ಳಲಿಲ್ಲ, ಹರಾಜು ಹಿಡಿದವನ ಬಾಗಿಲಿಗೆ ಬಂದರು. ಹೊಲ ಕೊಳ್ಳುವವನೇ ಇಲ್ಲದಿದ್ದರೆ ಸರ್ಕಾರ ಅದನ್ನು ಹೊತ್ತುಕೊಂಡು ಹೋಗುತ್ತದೆಯೇ? ನಿನ್ನ ಗಾಂಧಿಗಿಂತ ಈ ಹೆಂಗಸರು ಜಾಣರು.’ ಚಹಾ ಮುಗಿಸಿ ಎದ್ದು, ಕೊಡೆ ಝಾಡಿಸಿ, ಮತ್ತೆ ಸೇರಿಸಿದರು: ‘ಹಾಗೆಂದು ಈಸೂರಿನವರದು ತಪ್ಪು ಎಂದೆಲ್ಲ ಬರೆಯಬೇಡ. ಅವರೆದುರು ಬಂದವರು ನೆರೆಯವರಾಗಿರಲಿಲ್ಲ.’