ದೊಡ್ಡಮ್ಮನ ಹತ್ರ ಟಾರ್ಚ್ ಯಾಕಿಲ್ಲ?

ಹೋದ ಶನಿವಾರ ಬೆಳಿಗ್ಗೆ ಹತ್ತೂವರೆ ಇರಬಹುದು. ಕುಕ್ಕರ್ ಎರಡು ಸಲ ಕೂಗಿತ್ತು, ಮೂರನೆಯದಕ್ಕೆ ಕಾಯುತ್ತಿದ್ದೆ. ಗ್ರಿಲ್ ಗೇಟಿನ ಹತ್ತಿರ ಒಬ್ಬ ಹುಡುಗಿ ಬಂದು ನಿಂತಳು. ಮಲಯ್ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕೊರಳಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ಟಾರ್ಚ್. ಸೊಳ್ಳೆ ತಪಾಸಣೆಗೆ ಬಂದಿದ್ದೇನೆ, ಒಳಗೆ ಬರಬಹುದಾ ಅಂತ ಕೇಳಿದಳು. ಕಾರ್ಡನ್ನು ನಾನು ಓದುವ ತನಕ ಹಿಡಿದೇ ಇದ್ದಳು.

ನಮ್ಮ ಬ್ಲಾಕಿನ ಕೆಳಗೆ ಕೆಂಪು ಬ್ಯಾನರ್ ಕಟ್ಟಿ ಒಂದು ವಾರವಾಗಿತ್ತು. ಸಿಂಗಪುರದಲ್ಲಿ 150 ಮೀಟರ್ ಒಳಗೆ 14 ದಿನದಲ್ಲಿ ಇಬ್ಬರಿಗೆ ಡೆಂಗಿ ಬಂದರೆ ಆ ಜಾಗವನ್ನು ಕ್ಲಸ್ಟರ್ ಅಂತ ಗುರುತು ಮಾಡುತ್ತಾರೆ. ಸಂಖ್ಯೆ ಹತ್ತು ಮುಟ್ಟಿದರೆ ಬ್ಯಾನರ್ ಕೆಂಪಾಗುತ್ತದೆ. ಹಾಗಾಗಿ ಅವಳು ಬರುತ್ತಾಳೆ ಅಂತ ಗೊತ್ತಿತ್ತು. ನಮ್ಮನೆಯಲ್ಲಿ ಏನೂ ಸಿಗುವುದಿಲ್ಲ ಅಂತಲೂ ನಂಬಿದ್ದೆ.

ಅವಳು ಬಚ್ಚಲಿನ ಬಕೆಟ್ ನೋಡಿದಳು. ಎಸಿ ನೀರು ಬೀಳುವ ಕಡೆ ಬಗ್ಗಿ ನೋಡಿದಳು. ಬಟ್ಟೆ ಒಣಗಿಸುವ ಬಿದಿರು ಗಳ ಸಿಕ್ಕಿಸುವ ತೂತುಗಳೊಳಗೆ ಬೆಳಕು ಬಿಟ್ಟಳು. ಕೊನೆಗೆ ಬಾಗಿಲ ಹೊರಗಿನ ತುಳಸಿ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕುಂಡಕ್ಕೆ ಬೆಳಿಗ್ಗೆ ತಾನೇ ಅರಿಶಿನ ಕುಂಕುಮ ಹಚ್ಚಿದ್ದೆ. ಅದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಇದು ನಿಮ್ಮ ಪೂಜೆ ಗಿಡ ಅಲ್ವಾ? ನೀವೇ ಎತ್ತಿ ಕೊಡಿ" ಅಂದಳು.

ನಾನು ಎತ್ತಿದೆ. ಕೆಳಗಿನ ತಟ್ಟೆಯಲ್ಲಿ ಎರಡು ಚಮಚದಷ್ಟು ನೀರಿತ್ತು. ಅವಳು ಡ್ರಾಪರ್‌ನಲ್ಲಿ ಆ ನೀರೆಳೆದು ಸಣ್ಣ ಸೀಸೆಗೆ ಬಿಟ್ಟು, ಟಾರ್ಚ್ ಹಿಡಿದು ನನಗೆ ತೋರಿಸಿದಳು. ಕೂದಲಿನ ತುಂಡಿನಂಥ ನಾಲ್ಕು ಹುಳ ಬಳುಕುತ್ತಿದ್ದವು. ತಲೆ ಕೆಳಗೆ, ಬಾಲ ಮೇಲೆ. ಆಮೇಲೆ ತಟ್ಟೆಯ ಒಳ ಅಂಚನ್ನು ಉಗುರಿನಿಂದ ಕೆರೆದಳು. ಮೊಟ್ಟೆಗಳು ಇಲ್ಲಿ, ನೀರಿನ ಗೆರೆಯ ಮೇಲೆ ಅಂಟಿರುತ್ತವೆ, ಸುಮ್ನೆ ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು ಅಂದಳು. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವಂತೆ. ನೀರು ಸೋಕಿದರೆ ಮತ್ತೆ ಏಳುತ್ತವೆ. ಏಳು ದಿನ ಸಾಕು, ಹಾರುವ ಸೊಳ್ಳೆ.

ಸೀಸೆ ಲ್ಯಾಬಿಗೆ ಹೋಗುತ್ತದೆ, ಖಾತ್ರಿಯಾದ ಮೇಲೆ ಪತ್ರ ಬರುತ್ತದೆ. ಮನೆಯಲ್ಲಿ ಸೊಳ್ಳೆ ಹುಟ್ಟಿಸಿದ್ದಕ್ಕೆ 200 ಸಿಂಗಪುರ ಡಾಲರ್ ದಂಡ. ಅವಳು ದನಿ ಏರಿಸಲಿಲ್ಲ, ನಾನೂ ವಾದ ಮಾಡಲಿಲ್ಲ. ತಪ್ಪು ನನ್ನದೇ. ನಾಲ್ಕನೇ ಮಹಡಿಯಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ ಹುಡುಗನ ಮುಖ ಕಣ್ಣ ಮುಂದೆ ಬಂತು.

ನನ್ನ ಮಗಳಿಗೆ ಒಂಬತ್ತು ವರ್ಷ. ಇದನ್ನೆಲ್ಲ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಆ ಹುಡುಗಿ ಪಕ್ಕದ ಮನೆಗೆ ಹೋದ ಮೇಲೆ ಕೇಳಿದಳು.

"ಅಮ್ಮ, ದೊಡ್ಡಮ್ಮ ಮಾಡೋದೂ ಇದೇ ಕೆಲಸ ಅಲ್ವಾ? ದೊಡ್ಡಮ್ಮನ ಹತ್ರ ಟಾರ್ಚ್ ಯಾಕಿಲ್ಲ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕುಕ್ಕರ್ ಆರಿಸಲು ಒಳಗೆ ಹೋದೆ.

ಅಕ್ಕ ಬಯಲುಸೀಮೆಯ ನಮ್ಮ ಸಣ್ಣ ಪಟ್ಟಣದಲ್ಲಿ ಆಶಾ ಕಾರ್ಯಕರ್ತೆ. ಹದಿನೈದು ವರ್ಷವಾಯಿತು. ಬಸುರಿ ಬಾಣಂತಿಯರ ಲೆಕ್ಕ, ಮಕ್ಕಳ ಚುಚ್ಚುಮದ್ದು, ಕ್ಷಯದ ಮಾತ್ರೆ, ಎಲ್ಲದರ ಜೊತೆಗೆ ಮಳೆಗಾಲದಲ್ಲಿ ಲಾರ್ವಾ ಸಮೀಕ್ಷೆ. ಈ ಸಲ ಜೂನ್ ರಜೆಗೆ ಊರಿಗೆ ಹೋದಾಗ ಮಗಳು ಒಂದು ಬೆಳಿಗ್ಗೆ ದೊಡ್ಡಮ್ಮನ ಸೆರಗು ಹಿಡಿದು ಹೊರಟಳು. ಗುಲಾಬಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ರಿಜಿಸ್ಟರ್. ನಾನೂ ಸ್ವಲ್ಪ ದೂರ ಜೊತೆಗೆ ಹೋಗಿದ್ದೆ.

ಮೊದಲ ಮನೆಯಲ್ಲಿ ಒಳಗೆ ಕರೆದರು. ಅಕ್ಕ ಮೊಬೈಲ್ ಬೆಳಕಿನಲ್ಲಿ ಡ್ರಮ್ಮಿನ ತಳ ನೋಡಿದಳು. ಎರಡನೇ ಮನೆಯಲ್ಲಿ ಗೇಟೇ ತೆಗೆಯಲಿಲ್ಲ. "ನಮ್ಮನೇಲಿ ಯಾವ ಸೊಳ್ಳೇನೂ ಇಲ್ಲ, ಹೋಗಮ್ಮ" ಅಂದರು. ಅದು ಎರಡಂತಸ್ತಿನ ಮನೆ, ಮುಂದೆ ಕಾರು. ಅಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಮುಂದೆ ನಡೆದಳು. ಮೂರನೇ ಮನೆಯ ಅಜ್ಜಿ ಮಾತ್ರ ಜಗಳಕ್ಕೇ ನಿಂತರು. ತೊಟ್ಟಿ ಖಾಲಿ ಮಾಡಿ ತಿಕ್ಕಿ ತೊಳೀರಿ ಅಂತ ಅಕ್ಕ ಹೇಳಿದ್ದಕ್ಕೆ, "ಎಂಟು ದಿನಕ್ಕೊಂದ್ಸಲ ನಲ್ಲಿ ಬಿಡ್ತಾರೆ. ಚೆಲ್ಲಿಬಿಟ್ಟರೆ ನಾಳೆ ಮುಖ ತೊಳೆಯೋಕೆ ನೀನು ತಂದುಕೊಡ್ತೀಯಾ?" ಅಂದರು.

ಅಜ್ಜಿ ಕೇಳಿದ್ದು ನ್ಯಾಯ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ. ತಿಳಿ ನೀರು ನಿಂತಿದ್ದರೆ ಸಾಕು. ನಮ್ಮೂರಿನಲ್ಲಿ ಪ್ರತಿ ಮನೆಯಲ್ಲೂ ಡ್ರಮ್ಮು, ಕಲ್ಲಿನ ತೊಟ್ಟಿ, ಕೊಡ, ಹಂಡೆ ತುಂಬಿಟ್ಟುಕೊಳ್ಳಲೇಬೇಕು. ಎಂಟು ದಿನ ಬಾಳಿಸಬೇಕು. ಅಷ್ಟರಲ್ಲಿ ಸೊಳ್ಳೆಯ ಒಂದು ಪೀಳಿಗೆ ಎದ್ದು ಹಾರಿರುತ್ತದೆ. ನೀರು ಬಿಡುವ ದಿನವನ್ನು ಗೊತ್ತು ಮಾಡಿದವರು ಯಾರೋ, ಆ ನೀರನ್ನು ಚೆಲ್ಲಿ ಅಂತ ಹೇಳಿ ಬೈಸಿಕೊಳ್ಳುವವಳು ನನ್ನ ಅಕ್ಕ.

ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಚೀನೀ ಹೆಂಗಸೊಬ್ಬರಿದ್ದಾರೆ. ಇಲ್ಲಿನ ರೂಢಿಯಂತೆ ನಾವೆಲ್ಲ ಅವರನ್ನು ಆಂಟಿ ಅಂತಲೇ ಕರೆಯುತ್ತೇವೆ. ಅವತ್ತು ಸಂಜೆ ಕಾರಿಡಾರಿನಲ್ಲಿ ಸಿಕ್ಕರು. ದಂಡದ ವಿಷಯ ಹೇಳಿದೆ. ಮಗಳ ಪ್ರಶ್ನೆಯನ್ನೂ ಹೇಳಿದೆ, ಊರಿನ ಗೇಟಿನ ಕಥೆಯನ್ನೂ ಹೇಳಿದೆ. ನಿಮ್ಮ ದೇಶದಲ್ಲಿ ಜನ ಎಷ್ಟು ಸುಲಭವಾಗಿ ಬಾಗಿಲು ತೆಗೆಯುತ್ತಾರೆ ಅಂದೆ.

ಆಂಟಿ ತಲೆಯಾಡಿಸಿದರು. "ನಮ್ಮಮ್ಮ ತೆಗೀತಿರಲಿಲ್ಲ" ಅಂದರು.

ಅವರು ಹುಟ್ಟಿ ಬೆಳೆದದ್ದು ಬುಕಿತ್ ಹೋ ಸ್ವೀ ಎಂಬ ಗುಡಿಸಲುಗಳ ಕೇರಿಯಲ್ಲಿ. ಹಲಗೆ ಗೋಡೆ, ತಾಳೆಗರಿಯ ಸೂರು. ನೀರಿಗೆ ಬೀದಿ ನಲ್ಲಿಯ ಮುಂದೆ ಸಾಲು. ಸರ್ಕಾರದವರು ಯಾರಾದರೂ ಬಂದರೆ ಗುಡಿಸಲು ಕೀಳಿಸುವುದಕ್ಕೇ ಬಂದರು ಅಂತ ಅರ್ಥ. ಅವರ ಅಮ್ಮ ಮಕ್ಕಳನ್ನೆಲ್ಲ ಒಳಗೆ ಎಳೆದುಕೊಂಡು ಚಿಲಕ ಹಾಕುತ್ತಿದ್ದರಂತೆ. 1961ರ ಮೇ 25ರಂದು ಆ ಕೇರಿಗೆ ಬೆಂಕಿ ಬಿತ್ತು. ಸುಮಾರು 16,000 ಜನ ಒಂದೇ ದಿನದಲ್ಲಿ ಬೀದಿಗೆ ಬಂದರು. ಆಗ ಆಂಟಿಗೆ ಹದಿನಾಲ್ಕು ವರ್ಷ. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ್ದು ಇನ್ನೂ ನೆನಪಿದೆ ಅಂದರು. ಬೆಂಕಿಗಿಂತ ಜಾಸ್ತಿ ಹಂದಿಗಳ ಕೂಗು ನೆನಪಿದೆಯಂತೆ.

ಇಲ್ಲಿನ ವಸತಿ ಮಂಡಳಿ, ಎಲ್ಲರೂ ಎಚ್‌ಡಿಬಿ ಅನ್ನುವುದು, ಹುಟ್ಟಿ ಆಗಿನ್ನೂ ವರ್ಷ ಒಂದು ದಾಟಿತ್ತು ಅಷ್ಟೇ. ಆದರೆ ಸುಟ್ಟ ಜಾಗದಲ್ಲೇ ಕಟ್ಟಡ ಎದ್ದವು. ಮನೆ ಕಳೆದುಕೊಂಡವರಿಗೆ ವರ್ಷದೊಳಗೆ ಸೂರು ಸಿಕ್ಕಿತು. ಆಂಟಿಯ ಮನೆಯವರಿಗೆ ಸಿಕ್ಕಿದ್ದು ಒಂದೇ ಕೋಣೆಯ ಫ್ಲಾಟು. ಒಳಗೇ ನಲ್ಲಿ, ಒಳಗೇ ಕಕ್ಕಸು, ಕರೆಂಟು. ಅವರಮ್ಮ ಮೊದಲ ದಿನ ನಲ್ಲಿ ತಿರುಗಿಸುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು ಮಾಡುತ್ತಲೇ ಇದ್ದರಂತೆ.

"ಮೊದಲು ಮನೆ ಕೊಟ್ಟರು, ನಲ್ಲಿ ಕೊಟ್ಟರು. ಆಮೇಲೆ ಬಂದು ತಟ್ಟೆ ನೋಡಿದರು" ಅಂದರು ಆಂಟಿ. "ಆಮೇಲೆ ನಮ್ಮಮ್ಮ ಬಾಗಿಲು ತೆಗೆದಳು."

ಈ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಸೊಳ್ಳೆ ಹುಟ್ಟಲು ಬಿಟ್ಟರೆ ಶಿಕ್ಷೆ ಎಂಬ ಕಾನೂನು ಇಲ್ಲಿ ಬಂದದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಜನ ಗುಡಿಸಲು ಬಿಟ್ಟು ಫ್ಲಾಟುಗಳಿಗೆ ಬರುತ್ತಿದ್ದರು. ಹಾಗಂತ ಸೊಳ್ಳೆ ಸೋತು ಓಡಿಹೋಗಿಲ್ಲ. 2020ರಲ್ಲಿ ಇಲ್ಲಿ 35,000ಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂತು. ಅಲ್ಲಿಯವರೆಗೆ ಒಂದೇ ವರ್ಷದಲ್ಲಿ ಅಷ್ಟು ಬಂದದ್ದೇ ಇಲ್ಲ. ಅದಕ್ಕೇ ಕಾರಿಡಾರಿನ ಮೂಲೆಯಲ್ಲಿ ಸೊಳ್ಳೆ ಹಿಡಿಯುವ ಕಪ್ಪು ಡಬ್ಬಿ ಇಟ್ಟಿದ್ದಾರೆ. ಎಷ್ಟು ಸೊಳ್ಳೆ ಬಿತ್ತು ಅಂತ ಎಣಿಸಿ ಯಾವ ಬ್ಲಾಕಿಗೆ ಮೊದಲು ಹೋಗಬೇಕು ಅಂತ ತೀರ್ಮಾನ ಮಾಡುತ್ತಾರೆ. 2016ರಿಂದ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನೇ ಬೆಳೆಸಿ ಹೊರಗೆ ಬಿಡುತ್ತಿದ್ದಾರೆ. ಗಂಡು ಸೊಳ್ಳೆ ಕಚ್ಚುವುದಿಲ್ಲ. ಅದರ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಸರ್ಕಾರವೇ ಮನೆ ಮುಂದೆ ಸೊಳ್ಳೆ ಬಿಡುತ್ತದೆ ಅಂದರೂ ಜನ ತಡೆದುಕೊಂಡರು. ನಂಬಿಕೆ ಅಷ್ಟು ಗಟ್ಟಿಯಾಗಿದೆ.

ಇದು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. 1959ರಿಂದ ಒಂದೇ ಪಕ್ಷ ಆಳುತ್ತಿದೆ. ನನ್ನಂಥವರು ಬೀದಿಯಲ್ಲಿ ಬೋರ್ಡು ಹಿಡಿದು ನಿಲ್ಲುವಂತಿಲ್ಲ. ಈ ಕಟ್ಟಡಗಳನ್ನು ಕಟ್ಟಿದ, ಚರಂಡಿ ಗುಡಿಸುವ ಕೂಲಿಯವರಲ್ಲಿ ನಮ್ಮ ದೇಶದವರು ಎಷ್ಟೋ ಜನ ಊರಾಚೆಯ ಡಾರ್ಮಿಟರಿಗಳಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. 2020ರಲ್ಲಿ ಕೋವಿಡ್ ಎಲ್ಲರಿಗಿಂತ ಹೆಚ್ಚು ಮುತ್ತಿದ್ದು ಅವರನ್ನೇ. ಅದನ್ನು ನೋಡಿದಾಗ ನನ್ನ ಹೊಟ್ಟೆ ಉರಿದಿತ್ತು, ಈಗಲೂ ಉರಿಯುತ್ತದೆ.

ಆದರೆ ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಅನ್ನುವ ಮಾತನ್ನು ಎಸ್.ಎಂ. ಕೃಷ್ಣ ಅವರ ಕಾಲದಿಂದ ಕೇಳುತ್ತಾ ಬಂದಿದ್ದೇವೆ ಅಲ್ವಾ? ವಿಸ್ತಾರದಲ್ಲಿ ಎರಡೂ ಊರು ಹೆಚ್ಚೂ ಕಡಿಮೆ ಒಂದೇ. ಇಲ್ಲಿಗೆ ನೋಡಲು ಬಂದವರೆಲ್ಲ ಮೇಲ್ಸೇತುವೆ ಎಣಿಸಿಕೊಂಡು, ಎತ್ತರದ ಕಟ್ಟಡದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಲ್ಲಿಯ ನೀರು ಕುಡಿದು ನೋಡಿದವರು, ಬ್ಲಾಕಿನ ಕೆಳಗೆ ವಾರಕ್ಕೊಂದು ಸಂಜೆ ಸಂಸದರು ಕೂತು ಜನರ ಅಹವಾಲು ಕೇಳುವುದನ್ನು ನಿಂತು ನೋಡಿದವರು ಕಡಿಮೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಮೋರಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕಿತ್ತು?

ಕಾನೂನು ನಮ್ಮಲ್ಲೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟರೆ ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200 ರೂಪಾಯಿ ದಂಡ. ಓದಿದಾಗ ನನಗೆ ಖುಷಿಯಾಗಿತ್ತು. ಈಗ ಆ ಮೂರನೇ ಮನೆಯ ಅಜ್ಜಿ ನೆನಪಾಗುತ್ತಾರೆ. ಅವರ ತೊಟ್ಟಿಗೆ ದಂಡ ಹಾಕುವ ಮೊದಲು ದಿನಾ ನೀರು ಬರಬೇಕು. ಆಮೇಲೆ ಬಾಗಿಲು ಬಡಿಯುವವಳಿಗೆ ಕಾರ್ಡು ಬೇಕು, ಟಾರ್ಚ್ ಬೇಕು, ತಿಂಗಳಿಗೆ ಸರಿಯಾಗಿ ಸಂಬಳ ಬೇಕು. 2025ರ ಜನವರಿಯಲ್ಲಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಹಗಲೂ ರಾತ್ರಿ ಧರಣಿ ಕೂತಿದ್ದರಲ್ಲ, ಅದರಲ್ಲಿ ನನ್ನ ಅಕ್ಕನೂ ಇದ್ದಳು. ಕೇಳಿದ್ದು ತಿಂಗಳಿಗೆ ಖಾತ್ರಿಯಾಗಿ ಕೈಗೆ ಸಿಗುವ ಸಂಬಳ. ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಅವಳದ್ದು ಕಾಗದದಲ್ಲಿ ಸಂಬಳವಲ್ಲ, ಗೌರವಧನ.

ಇನ್ನೊಂದು ಮಾತು ಹೇಳಿಬಿಡಬೇಕು. ಅಕ್ಕ ಈ ಕೆಲಸಕ್ಕೆ ಸೇರಿದಾಗ, "ಮನೆ ಮನೆ ತಿರುಗೋ ಕೆಲಸ ಯಾಕೆ, ಬಿಟ್ಟುಬಿಡು" ಅಂತ ಹೇಳಿದವಳು ನಾನೇ. ಆಗ ನನಗೆ ಬೆಂಗಳೂರಿನಲ್ಲಿ ಕಂಪನಿ ಕೆಲಸ ಸಿಕ್ಕಿತ್ತು. ಇಲ್ಲಿ ಅದೇ ಕೆಲಸಕ್ಕೆ ಬಂದ ಹುಡುಗಿಗೆ ನಾನು ಚಪ್ಪಲಿ ಸರಿಸಿ ದಾರಿ ಬಿಟ್ಟೆ, ಕುಡಿಯಲು ನೀರು ಬೇಕಾ ಅಂತ ಕೇಳಿದೆ. ಮಗಳು ಎರಡನ್ನೂ ನೋಡಿದ್ದಾಳೆ.

ಭಾನುವಾರ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅವಳು ಆಗಷ್ಟೇ ಊಟ ಮುಗಿಸಿ ರಿಜಿಸ್ಟರ್ ತುಂಬಿಸುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ.

"ಇನ್ನೂರು ಡಾಲರ್ ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟೇ?"

"ಹದಿಮೂರು ಸಾವಿರ ದಾಟುತ್ತೆ ಕಣಕ್ಕಾ."

ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವಳ ತಿಂಗಳ ದುಡಿಮೆಗಿಂತ ಜಾಸ್ತಿ ಅದು. ನಾನು ಹೇಳಬಾರದಿತ್ತು ಅನ್ನಿಸಿತು.

"ಹೋಗ್ಲಿ ಬಿಡು. ತಟ್ಟೆ ಏನ್ ಮಾಡ್ದೆ?" ಅಂದಳು.

"ನೀರು ಚೆಲ್ಲಿ, ತೊಳೆದು ಬೋರಲು ಹಾಕಿದೀನಿ."

"ತೊಳೆದ್ರೆ ಸಾಲದೇ. ತೆಂಗಿನ ನಾರು ತಗೊಂಡು ಅಂಚು ತಿಕ್ಕು. ಮೊಟ್ಟೆ ಅಲ್ಲೇ ಅಂಟಿರ್ತವೆ. ಕಣ್ಣಿಗೆ ಕಾಣಲ್ಲ, ಉಗುರಿಗೆ ಸಿಗ್ತವೆ."

ಫೋನ್ ಸ್ಪೀಕರಿನಲ್ಲಿತ್ತು. ಮಗಳು ನನ್ನ ಕಡೆ ನೋಡಿದಳು. ಹೋಗಿ ಬಾಗಿಲ ಹೊರಗಿನ ತಟ್ಟೆ ತಂದು ಸಿಂಕಿನಲ್ಲಿಟ್ಟಳು.