ಟ್ಯಾಗ್‌ನಲ್ಲಿ 86, ಹೊಲದಲ್ಲಿ 38

ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಆರೂವರೆಗೆ ಮ್ಚಿಂಜಿಯಿಂದ ಫೋನ್ ಬಂತು. ಮಹಿಳಾ ಕ್ಲಬ್ಬಿನ ಅಧ್ಯಕ್ಷೆ, ನಾವೆಲ್ಲ ಅವ್ರನ್ನ ಅಮಾಯಿ ಅಂತೀವಿ, ಇಲ್ಲಿ ದೊಡ್ಡ ಹೆಂಗಸರನ್ನ ಹಾಗೇ ಕರಿಯೋದು. "ಬೀಜ ಹುಟ್ಟಿಲ್ಲ, ಬಂದು ನೋಡು" ಅಂದ್ರು, ಅಷ್ಟೇ, ಇಟ್ಟುಬಿಟ್ರು.

ಆಫ್ರಿಕಾದ ಮಲಾವಿಗೆ ಬಂದು ಇದು ಆರನೇ ವರ್ಷ. ಕೆಲಸ ಶೇಂಗಾ ಬೀಜೋತ್ಪಾದನೆ. ಊರು ಚಳ್ಳಕೆರೆ ಕಡೆ, ಮನೇಲಿ ಅಪ್ಪ ಅಮ್ಮ ಈಗ್ಲೂ ಶೇಂಗಾನೇ ಹಾಕ್ತಾರೆ. ಅದಕ್ಕೇ ಈ ಘಟನೆ ಮೂರು ವರ್ಷ ಆದ್ರೂ ಒಳಗೆ ಕೊರೀತಾ ಇದೆ, ಗೊತ್ತಿಲ್ದೆ ಮಾಡಿದ ತಪ್ಪಲ್ಲ ಅದು.

ರಾಜಧಾನಿ ಲಿಲಾಂಗ್ವೆಯಿಂದ ಮ್ಚಿಂಜಿ ಸುಮಾರು 100 ಕಿಲೋಮೀಟರ್, ಜಾಂಬಿಯಾ ಗಡಿ ಕಡೆ ರಸ್ತೆ. ಗಾಡೀಲಿ ಪೂರ್ತಿ ದಾರಿ ನಾನು ಕಾರಣ ಹುಡುಕ್ತಾ ಇದ್ದೆ, ಆಳಕ್ಕೆ ಹಾಕಿರ್ಬೇಕು, ಮೊದಲ ಮಳೆಗೇ ಅವಸರ ಪಟ್ಟಿರ್ಬೇಕು, ಇಲಿ ತಿಂದಿರ್ಬೇಕು, ಅಂತೂ ನಮ್ಮ ಬೀಜದ್ದಲ್ಲ ಅಂತ ಹೊಲ ನೋಡೋಕೆ ಮುಂಚೇನೇ ತೀರ್ಮಾನ ಆಗೋಗಿತ್ತು. ಚೀಲದ ಟ್ಯಾಗ್‌ನಲ್ಲಿ ಮೊಳಕೆ ನೂರಕ್ಕೆ 86 ಅಂತಿತ್ತು, ಭಾರತದಲ್ಲಿ ಶೇಂಗಾ ಬೀಜಕ್ಕೆ ಕನಿಷ್ಠ 70 ಇದ್ರೆ ಸಾಕು, 86 ಅಂದ್ರೆ ಕಣ್ಣುಮುಚ್ಚಿ ಬಿತ್ತಬಹುದು.

ಹೊಲದ ಹತ್ರ ಹದಿನೈದು ಇಪ್ಪತ್ತು ಹೆಂಗಸರು ನಿಂತಿದ್ರು. ಯಾರೂ ಜಗಳ ಆಡ್ಲಿಲ್ಲ, ಆಡಿದ್ರೆ ಚೆನ್ನಾಗಿತ್ತು. ಅಮಾಯಿ ಮಾತಾಡದೆ ಮುಂದೆ ನಡೆದ್ರು. ಬೋದುಗಳು ನೀಟಾಗಿದ್ವು, ಮಣ್ಣಲ್ಲಿ ಹದ ಇತ್ತು, ಮಧ್ಯೆ ಮಧ್ಯೆ ಅಲ್ಲೊಂದು ಇಲ್ಲೊಂದು ಗಿಡ, ಉಳಿದಿದ್ದೆಲ್ಲ ಬರೀ ಕೆಂಪು ಮಣ್ಣು. ಕೂತು ಬೆರಳಲ್ಲಿ ಕೆದಕಿದೆ. ಎರಡು ಇಂಚಿಗೇ ಬೀಜ ಸಿಕ್ತು, ಆಳ ಸರಿಯಾಗೇ ಇತ್ತು. ಬೀಜ ಊದಿತ್ತು, ಬೂದಿ ಬಣ್ಣದ ಬೂಷ್ಟು ಹತ್ತಿತ್ತು, ಹೆಬ್ಬೆರಳಲ್ಲಿ ಒತ್ತಿದ್ರೆ ಸಿಪ್ಪೆ ಜಾರಿ ಬೇಳೆ ಎರಡಾಗಿ ಒಳಗೆ ಕಂದು ಕೀವಿನ ಹಾಗೆ. ಇನ್ನೊಂದು ಕೆದಕಿದೆ, ಅದೂ ಹಾಗೇ. ನೂರು ಕುಣಿ ಎಣಿಸಿದೆ, ಹುಟ್ಟಿದ್ದು 38.

ಅಷ್ಟು ನೋಡಿದ್ಮೇಲೂ ನನ್ನ ಬಾಯಲ್ಲಿ ಬಂದಿದ್ದು ಏನು ಗೊತ್ತಾ, "ಬಿತ್ತಿದ ಮೇಲೆ ಮಳೆ ಜಾಸ್ತಿ ಆಯ್ತಾ?" ಅಮಾಯಿ ಪಕ್ಕದ ಹೊಲ ತೋರ್ಸಿದ್ರು. ಅದೇ ದಿನ ಬಿತ್ತಿದ್ದು, ಅದೇ ಮಳೆ, ಬೀಜ ನಮ್ಮದೇ, ಸಾಲು ತುಂಬಿ ನಿಂತಿತ್ತು. ಆಮೇಲೆ ಇನ್ನೊಬ್ಬಾಕೆ ಸೊಂಟದ ಚಿತೆಂಜೆ ಬಟ್ಟೆ ಗಂಟು ಬಿಚ್ಚಿ ಬಿತ್ತಿ ಉಳಿದಿದ್ದ ಒಂದು ಹಿಡಿ ಬೀಜ ನನ್ನ ಕೈಗೆ ಹಾಕಿದ್ಳು. ಸಿಪ್ಪೆ ಸುಕ್ಕು, ಹೊಳಪೇ ಇಲ್ಲ, ಅಲ್ಲಲ್ಲಿ ನೀರಿನ ಕಲೆ. ಅದನ್ನ ಕೈಯಲ್ಲಿ ಹಿಡ್ಕೊಂಡಾಗ ನಮ್ಮ ಶೆಡ್ಡಿನ ನೀಲಿ ಬೇಸಿನ್‌ಗಳು ಕಣ್ಮುಂದೆ ಬಂದ್ವು.

ಅಕ್ಟೋಬರಲ್ಲಿ ಆಗಿದ್ದು ಇಷ್ಟು. ಸಿಜಿ 7 ಅನ್ನೋ ತಳಿಯ ಶೇಂಗಾ 9 ಟನ್ ಸುಲಿಸ್ಬೇಕಿತ್ತು, ಕೈಯಲ್ಲೇ, ಮಷಿನ್‌ಗೆ ಹಾಕಿದ್ರೆ ಬೀಜ ಒಡೆಯುತ್ತೆ. 40 ಜನ ಹೆಂಗಸರು ದಿನಗೂಲಿ ಮೇಲೆ ಸುಲೀತಿದ್ರು. ಅರ್ಧ ಮುಗಿದಿತ್ತು, ಸ್ಯಾಂಪಲ್ ಟೆಸ್ಟಿಗೆ ಹೋಗಿತ್ತು. ಆಗ ಆಫೀಸಿಂದ ಡಿಸ್ಪ್ಯಾಚ್ ಡೇಟ್ ಹತ್ತು ದಿನ ಮುಂಚೆಗೇ ತಂದ್ರು, ಡೋನರ್ ವಿಸಿಟ್ ಇದೆ ಅಂತ. ನಾನು ವಾದ ಮಾಡ್ಲಿಲ್ಲ. ದಿನಗೂಲಿ ತೆಗೆದು ಕೆಜಿ ಲೆಕ್ಕ ಮಾಡ್ಬಿಟ್ಟೆ. ಮರುದಿನದಿಂದ ಸುಲಿಯೋದು ಡಬಲ್ ಆಯ್ತು, ಖುಷಿಯಿಂದ ಮೇಲಿನವ್ರಿಗೆ ಮೆಸೇಜ್ ಕೂಡ ಹಾಕ್ದೆ.

ಮೂರನೇ ದಿನ ಶೆಡ್ಡಿಗೆ ಹೋದಾಗ ಪ್ರತಿಯೊಬ್ಬರ ಪಕ್ಕ ನೀಲಿ ಬೇಸಿನ್, ಅದ್ರಲ್ಲಿ ಕಾಯಿ ನೆನೀತಾ ಇದೆ. ನೆನೆಸಿದ್ರೆ ಸಿಪ್ಪೆ ಮೆತ್ತಗಾಗುತ್ತೆ, ಹೆಬ್ಬೆರಳು ನೋಯಲ್ಲ, ತೂಕನೂ ಬರುತ್ತೆ. ಅವ್ರದ್ದೇನೂ ತಪ್ಪಿಲ್ಲ, ದುಡ್ಡು ಕೊಡ್ತಿದ್ದಿದ್ದು ನಾನೇ ತೂಕಕ್ಕೆ. ನಮ್ಮಮ್ಮ ಮುಂಗಾರಿಗೆ ಮುಂಚೆ ಆಳು ಕರೆದು ಸುಲಿಸೋವಾಗ "ಬೀಜದ ಕಾಯಿಗೆ ನೀರು ಮುಟ್ಟಿಸ್ಬೇಡ್ರವ್ವ" ಅಂತ ಎದುರಿಗೇ ಕೂರೋಳು. ಅದು ಆ ಕ್ಷಣದಲ್ಲೇ ನೆನಪಾಯ್ತು. ಆದ್ರೂ "ಒಂದಿನ ಬಿಸಿಲಿಗೆ ಹಾಕಿದ್ರೆ ಒಣಗುತ್ತೆ ಬಿಡು" ಅಂತ ನನಗೆ ನಾನೇ ಹೇಳ್ಕೊಂಡು ಲಾರಿ ವಿಚಾರ ಮಾತಾಡೋಕೆ ಹೊರಗೆ ಹೋದೆ. ಒಣಗಿಸೋಕೆ ಟಾರ್ಪಾಲೂ ಸಾಕಾಗ್ಲಿಲ್ಲ, ಜಾಗನೂ ಇರ್ಲಿಲ್ಲ. ಅರೆ ಹಸಿ ಬೀಜ ಚೀಲಕ್ಕೆ ಹೋಯ್ತು, ತಗಡಿನ ಶೀಟಿನ ಕೆಳಗೆ ನವೆಂಬರ್ ಬಿಸಿಲಲ್ಲಿ ಮೂರು ವಾರ ಬೆಂದಿತು. ಮೊದಲರ್ಧದ ಸ್ಯಾಂಪಲ್‌ಗೆ ಬಂದ 86ನ್ನ ಎಲ್ಲಾ ಚೀಲಕ್ಕೂ ಒಂದೇ ಲಾಟ್ ನಂಬರ್ ಹಾಕಿ ಟ್ಯಾಗ್ ಹೊಲಿಸಿದ್ದೂ ನಾನೇ. ಲ್ಯಾಬ್‌ನವ್ರು ಅವ್ರ ಕೈಗೆ ಬಂದ ಬೀಜನ ಸರಿಯಾಗೇ ಟೆಸ್ಟ್ ಮಾಡಿದ್ರು.

ಬದಲಿ ಬೀಜ ಕೊಡೋಣ ಅಂತ ಮೂರು ದಿನ ಅಲೆದೆ. ಮ್ಚಿಂಜಿ ಪೇಟೇಲಿ ಅಂಗಡಿ ಅಂಗಡೀಲೂ ಮೆಕ್ಕೆಜೋಳದ ಹೈಬ್ರಿಡ್ ಪ್ಯಾಕೆಟ್ ಗೋಡೆ ತುಂಬಾ, ಕೋತಿ ಚಿತ್ರದ್ದು, ಆನೆ ಚಿತ್ರದ್ದು. ಶೇಂಗಾ ಬೀಜ ಒಂದು ಕೆಜಿ ಇಲ್ಲ. ಇರೋದೂ ಇಲ್ಲ. ಮೆಕ್ಕೆಜೋಳದ ಹೈಬ್ರಿಡ್ ಆದ್ರೆ ರೈತ ಪ್ರತಿ ವರ್ಷ ಕೊಳ್ಳಲೇಬೇಕು, 2005-06ರಲ್ಲಿ ಸರ್ಕಾರದ ಸಬ್ಸಿಡಿ ಶುರುವಾದ ಮೇಲಂತೂ ಮಾರ್ಕೆಟ್ ಗ್ಯಾರಂಟಿ. ಶೇಂಗಾ ಹಾಗಲ್ಲ, ಮನೇಲೇ ಬೀಜ ಎತ್ತಿಟ್ಕೊಬಹುದು, ಹೆಕ್ಟೇರಿಗೆ 80 ಕೆಜಿ ಬೇಕು, ಒಂದು ಕೆಜಿ ಬಿತ್ತಿದ್ರೆ ಹತ್ತು ಕೆಜಿ ಬೀಜ ಬಂದ್ರೆ ಹೆಚ್ಚು, ಸಾಗಿಸೋ ಖರ್ಚೇ ತಲೆಮೇಲೆ. ಯಾವ ಕಂಪನಿ ಬರುತ್ತೆ? ಮಳೆ ವರ್ಷಕ್ಕೆ ಒಂದೇ ಸಲ, ತಳಿ ಮಾಡಿದವ್ರ ಬ್ರೀಡರ್ ಬೀಜದಿಂದ ಬೇಸಿಕ್, ಬೇಸಿಕ್‌ನಿಂದ ರೈತರಿಗೆ ಕೊಡೋ ಸರ್ಟಿಫೈಡ್ ಅಂತ ವರ್ಷಗಳು ಹೋಗ್ತವೆ. ನಾನು ಹತ್ತು ದಿನ ಉಳಿಸೋಕೆ ಹೋಗಿ ಹಾಳು ಮಾಡಿದ್ದು ಅಷ್ಟು ವರ್ಷದ ಕೆಲಸನ.

ಕೊನೆಗೆ ಹೆಂಗಸರು ಸಂತೇಲಿ ತಿನ್ನೋ ಶೇಂಗಾ ಕೊಂಡು ಬಿತ್ತಿದ್ರು, ಅದ್ರಲ್ಲಿ ನಾಲ್ಕು ತಳಿ ಮಿಕ್ಸ್. ಅಷ್ಟೊತ್ತಿಗೆ ಡಿಸೆಂಬರ್ ಕೊನೆ. ಸಿಜಿ 7 ಆಗ್ಲಿ ಯಾವುದೇ ಆಗ್ಲಿ, ಇಲ್ಲಿ ತಡವಾಗಿ ಬಿತ್ತಿದ್ರೆ, ಸಾಲಲ್ಲಿ ಗಿಡ ತೆಳ್ಳಗಿದ್ರೆ, ಗಿಡಹೇನು ಕೂತು ರೋಸೆಟ್ ಅನ್ನೋ ವೈರಸ್ ರೋಗ ತರುತ್ತೆ. ಫೆಬ್ರವರೀಲಿ ಹೋದಾಗ ಗಿಡ ಎಲ್ಲ ಮುದುಡಿ ಗುಜ್ಜಾಗಿ, ಹಳದಿ ಎಲೆ, ಕಿತ್ತರೆ ಎರಡು ಜೊಳ್ಳು ಕಾಯಿ. ಸಿಜಿ 7 ಹೆಕ್ಟೇರಿಗೆ 2.5 ಟನ್ ಕೊಡಬಲ್ಲ ತಳಿ, ಇಲ್ಲಿ ರೈತರಿಗೆ ಸಿಗೋದು ಸಾಮಾನ್ಯವಾಗಿ 1 ಟನ್ ಒಳಗೇ. ಆ ಅಂತರ ಯಾಕೆ ಅಂತ ಎಷ್ಟೋ ಮೀಟಿಂಗ್‌ನಲ್ಲಿ ಕೂತಿದ್ದೀನಿ. ಆ ವರ್ಷ ಒಂದೇ ಬದುವಿನ ಎರಡು ಕಡೆ ನೋಡ್ದೆ, ಮೊದಲರ್ಧದ ಚೀಲ ಸಿಕ್ಕಾಕೆಗೆ ಕಾಲು ಹೆಕ್ಟೇರಲ್ಲಿ 9 ಚೀಲ ಕಾಯಿ, ಅಮಾಯಿಗೆ 2 ಚೀಲ.

ಅಷ್ಟಾದ್ಮೇಲೂ ಆಫೀಸಿನ ಟ್ರ್ಯಾಕರ್‌ನಲ್ಲಿ ಆ ಕ್ಲಬ್ ಹಸಿರು ಬಣ್ಣದಲ್ಲೇ ಇತ್ತು. ಯಾಕಂದ್ರೆ ಅಲ್ಲಿ ಚೀಲ ಕೊಟ್ಟಿದ್ದಕ್ಕೆ ಕಾಲಂ ಇದೆ, ಹುಟ್ಟಿದ್ದಕ್ಕೆ ಇಲ್ಲ. ಮೇ ತಿಂಗಳಲ್ಲಿ ಬೀಜ ಸಾಲದ ರಿಕವರಿ ಲಿಸ್ಟ್ ಬಂತು, 20 ಕೆಜಿ ತಗೊಂಡವರು 40 ವಾಪಸ್ ಕೊಡ್ಬೇಕು ಅಂತ, ಅಮಾಯಿ ಹೆಸರೂ ಇತ್ತು. ನಾನು ಎಲ್ಲ ಬರೆದು ಕಳಿಸ್ದೆ, ಬೇಸಿನ್, ಲಾಟ್ ನಂಬರ್, ನನ್ನ ಸಹಿ ಸಮೇತ. ಎರಡು ತಿಂಗಳು ಎಳೆದಾಡಿ ಸಾಲ ಮನ್ನಾ ಮಾಡಿದ್ರು, ನನಗೆ ಒಂದು ವಾರ್ನಿಂಗ್ ಲೆಟರ್. ಅದು ನ್ಯಾಯವೇ.

ಈಗ ಸುಲಿಯೋದು ದಿನಗೂಲಿಗೆ ಮಾತ್ರ, ಶೆಡ್ಡಲ್ಲಿ ಬೇಸಿನ್ ಕಂಡ್ರೆ ಅವತ್ತಿನ ಕಾಯಿ ತಿನ್ನೋಕೆ ಹೋಗುತ್ತೆ. ಕೊನೇ ಚೀಲ ಹೊಲಿದ ಮೇಲೇ ಸ್ಯಾಂಪಲ್. ಲಾರಿ ಹತ್ತೋ ಮುಂಚೆ ನೂರು ಬೀಜ ಒದ್ದೆ ಗೋಣಿತಾಟಲ್ಲಿ ಸುತ್ತಿಟ್ಟು ನಾನೇ ಎಣಿಸ್ತೀನಿ. ಮ್ಚಿಂಜಿ ಗುಂಪುಗಳಿಗಂತೂ ಸುಲಿಯದ ಕಾಯೀನೇ ಕೊಡ್ತೀವಿ, ಬಿತ್ತೋ ವಾರ ಮನೇಲೇ ಸುಲ್ಕೊತಾರೆ. ಸಿಪ್ಪೆ ಒಳಗಿದ್ರೆ ಬೀಜ ಬೇಗ ಕೆಡಲ್ಲ, ಆದ್ರೆ ಲಾರಿ ಎರಡು ಪಟ್ಟು ಬೇಕು. ಅಕೌಂಟ್ಸ್‌ನವ್ರು ಈ ವರ್ಷ ಆ ಟ್ರಾನ್ಸ್‌ಪೋರ್ಟ್ ಬಜೆಟ್ ಅರ್ಧ ಕಡಿದು, ಸುಲಿದ ಬೀಜಾನೇ ಕಳಿಸಿ ಅಂತ ಫೈಲ್ ಇಟ್ಟಿದ್ದಾರೆ. ಸೆಪ್ಟೆಂಬರ್ ಹತ್ರ ಬಂತು, ಫೈಲ್ ನನ್ನ ಟೇಬಲ್ ಮೇಲೇ ಇದೆ, ನಾನಿನ್ನೂ ಸಹಿ ಹಾಕಿಲ್ಲ.