ಕೊಯ್ಯೋಕೆ ಜನ ಇಲ್ಲದ ಹೊಲ

ಬೆಳಗ್ಗೆಯಿಂದ ಒಂದೇ ಚಿತ್ರ ತಲೆಯಲ್ಲಿ ಕೂತಿದೆ. ಇಂಗ್ಲೆಂಡಿನ ಒಂದು ಹೊಲ, ಗೋಧಿ ಬಲಿತು ನಿಂತಿದೆ, ಕೊಯ್ಯೋಕೆ ಜನ ಇಲ್ಲ. 1348ರಲ್ಲಿ ಅಲ್ಲಿಗೆ ಬಂದ ಪ್ಲೇಗು ಕಡಿಮೆ ಅಂದರೂ ಮೂರರಲ್ಲೊಬ್ಬರನ್ನು ಹೊತ್ತುಕೊಂಡು ಹೋಯಿತು.

ಉಳಿದವರಲ್ಲಿ ಎಷ್ಟೋ ಜನ ತಲೆಮಾರುಗಳಿಂದ ಒಡೆಯನ ನೆಲಕ್ಕೆ ಕಟ್ಟುಬಿದ್ದವರು. ಈಗ ಬಾಯಿಬಿಟ್ಟು ಕೇಳಿದರು: ಕೂಲಿ ಜಾಸ್ತಿ ಕೊಡಿ, ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀವಿ. ಒಡೆಯರಿಗೆ ದಿಗಿಲಾಯಿತು. 1351ರಲ್ಲಿ ಕಾನೂನೇ ಬಂತು, ಕೂಲಿ ಪ್ಲೇಗಿಗೆ ಮುಂಚೆ ಇದ್ದಷ್ಟೇ ಇರಬೇಕು ಅಂತ. ಒಪ್ಪದವರ ಕಾಲನ್ನು ಮರದ ಹಲಗೆಯ ತೂತಿಗೆ ಸಿಕ್ಕಿಸಿ ಕೂರಿಸುತ್ತಿದ್ದರು. ಎಂಥ ಅನ್ಯಾಯ ಅಲ್ವಾ? ಆದರೂ ಕೂಲಿ ಏರಿತು. 1381ರಲ್ಲಿ ರೈತರು ಲಂಡನ್ನಿಗೇ ನುಗ್ಗಿದರು. ದಂಗೆ ಸೋತಿತು, ಆದರೆ 1500ರ ಹೊತ್ತಿಗೆ ಆ ಜೀತ ಬಹುಮಟ್ಟಿಗೆ ಕರಗಿಹೋಗಿತ್ತು.

ಯುರೋಪಿನಲ್ಲಿ ಮಧ್ಯಯುಗ ಮುಗಿದು ಹೊಸ ಯುಗ ಶುರುವಾಯಿತು ಅಂದ ತಕ್ಷಣ ಗುಟೆನ್‌ಬರ್ಗನ ಅಚ್ಚುಮೊಳೆ, ಕೊಲಂಬಸನ ಹಡಗು ನೆನಪಾಗುತ್ತವೆ. ನನಗೆ ಮಾತ್ರ ಆ ಹೊಲದ ಅಂಚಲ್ಲಿ ಕುಡುಗೋಲು ಹಿಡಿದು ಚೌಕಾಸಿಗೆ ನಿಂತವನೇ ಮೊದಲು ಕಾಣುತ್ತಾನೆ.

ಮನಸ್ಸಿಗೆ ಚುಚ್ಚುವುದು ಇನ್ನೊಂದಿದೆ. ಅದೇ ಪ್ಲೇಗಿನ ನಂತರದ ಶತಮಾನಗಳಲ್ಲಿ, ಪೋಲೆಂಡ್, ಅದರ ಪಕ್ಕದ ಜರ್ಮನ್ ನಾಡು ಪ್ರಷ್ಯಾ ಕಡೆ ರೈತನ ಕಟ್ಟು ಇನ್ನಷ್ಟು ಬಿಗಿಯಾಯಿತು. ಅಲ್ಲಿ ಬೆಳೆದ ಧಾನ್ಯ ಹಡಗು ಹತ್ತಿ ಪಶ್ಚಿಮದ ಪೇಟೆಗಳಿಗೆ ಹೋಗುತ್ತಿತ್ತು.